ಕುರ್ಚಿ ಬಾಡಿಗಿ

ಗಂಗಾವತಿಯೊಳಗ ನಮ್ಮದು ಮೌಲಾ ಸಪ್ಲಾಯರ್ಸ್.
ಬಿಳಿ ಕುರ್ಚಿ ಆರುನೂರು, ನೀಲಿ ಇನ್ನೂರು,
ಜಮಖಾನಿ, ಕೊಳಗ, ಗಾಜಿನ ಲೋಟ,
ಯಾರ ಮದುವ್ಯಾಗ ಎಷ್ಟು ಕಾಲು ಮುರದ್ವು
ಅಂತ ಬರದಿಟ್ಟ ವಹಿ ಹನ್ನೊಂದು.

ಸಾಣಾಪುರದಿಂದ ಫೋನ್ ಬಂತು:
"ಎರಡು ಕುರ್ಚಿ ಬೇಕು, ಎತ್ತಿ ಕುಣ್ಯಾಕ."
ಕುರ್ಚಿ ಇರೂದು ಕೂಡಾಕಲ್ಲೇನ್ರಿ, ಅಂದೆ.
"ಕೂತವರನ್ನ ಕೂತಂಗ ಎತ್ತತಾರ," ಅಂದ
ಗೆಸ್ಟ್‌ಹೌಸಿನ ವೀರನಗೌಡ,
"ಯಹೂದಿ ಮಂದಿ ಪದ್ಧತಿ.
ಪ್ಲಾಸ್ಟಿಕ್ ತಂದು ಮದುಮಗಳನ್ನ ಕೆಡವಿದಿ ಅಂದ್ರ
ಬಾಡಿಗಿ ಮರತುಬಿಡು."

ಕೋರ್ಟಿನ ಹರಾಜಿನ್ಯಾಗ ಅಬ್ಬಾ ಹಿಡಿದಿದ್ದ
ತೇಗದವು ಎರಡಿದ್ದವು ಮಾಳಗಿ ಮ್ಯಾಲ,
ಒಂದರ ಬೆನ್ನಿಗೆ ಇನ್ನೂ ನಂಬರು.
ಎಷ್ಟು ಮಂದಿಗೆ ಜೈಲು ಬರದಿತ್ತೋ ಅದರ ಕೈ,
ಒದ್ದಿ ಅರಿವಿಲೆ ಒರಸಿ, ಟೆಂಪೋಕ್ಕ ಏರಿಸಿದೆ.

ಬಂದವರು ಹದಿನೆಂಟು ಮಂದಿ. ಗಂಡಸರು ಒಂಬತ್ತು.
ಒಬ್ಬನ ಭುಜ ಗುಂಡು ಹತ್ತೂವಾಗ ಸರದಿತ್ತು,
ಇಬ್ಬರಿಗೆ ಹೊಟ್ಟಿ ಕೆಟ್ಟಿತ್ತು.
ಬೆತ್ತದ ನಾಕು ಕೋಲಿಗೆ ಬಿಳಿ ಬಟ್ಟಿ ಕಟ್ಟಿ
ಅದರ ಕೆಳಗ ಏನೋ ಓದಿದ್ರು.
ಆಮ್ಯಾಲ ಹುಡುಗ ನನ್ನ ಲೋಟ ಒಂದನ್ನ
ಬಟ್ಟ್ಯಾಗ ಸುತ್ತಿ, ನೆಲಕ್ಕಿಟ್ಟು,
ಹಿಮ್ಮಡದಿಂದ ತುಳದs ಬಿಟ್ಟ!
"ಏಯ್!" ಅಂದೆ. ನನ್ನ ಕೂಗು ಯಾರಿಗೂ ಕೇಳಲಿಲ್ಲ,
ಅವರೆಲ್ಲಾ ಆಗಲೇ ಚಪ್ಪಾಳಿ ಹೊಡ್ಯಾಕತ್ತಿದ್ರು.

"ತಮ್ಮಾ, ಸಿಟ್ಟಾಗಬ್ಯಾಡಪಾ."

ತಿರುಗಿ ನೋಡಿದ್ರ ನೀಲಿ ಕುರ್ಚ್ಯಾಗ ಮುದುಕಿ.
ಸೆಗುಲಾಬಾಯಿ. ಮದುಮಗಳ ಅಜ್ಜಿ.
ಹುಟ್ಟಿದ್ದು ರಾಯಚೂರು ರೇಲ್ವೆ ಕ್ವಾಟರ್ಸಿನ್ಯಾಗ,
ಅಪ್ಪ ಗೂಡ್ಸ್ ಗಾಡಿ ಗಾರ್ಡ್.
ಹನ್ನೆರಡಕ್ಕ ಹಡಗ ಹತ್ತಿದಾಕಿ
ಕನ್ನಡ ಎಲ್ಲೋ ಗಂಟಿನ್ಯಾಗ ಕಟ್ಟಿ ಒಯ್ದಿದ್ಲು,
ಬಿಚ್ಚಿದ್ರ ನಾಕು ಮಾತು ಹುಳ ತಿಂದಿದ್ವು, ಉಳದದ್ದು ನೆಟ್ಟಗಿತ್ತು.

ಲೋಟ ಯಾಕ ಒಡದ್ರು, ಕೇಳಿದೆ.
"ನಮ್ದೊಂದು ಗುಡಿ ಬಿದ್ದಿತ್ತು. ಅದರ ನೆನಪಿಗೆ."
ಯಾವಾಗ?
"ಎರಡು ಸಾವಿರ ವರ್ಷ ಆತು."
ಹೊಳಿ ಆಚಿಗೆ ನೋಡಿದೆ, ಬಿದ್ದ ಕಂಬಗಳ ಕಡಿ.
ದಿನಾ ನೋಡತೀವಿ.
ಯಾರ ಮದುವ್ಯಾಗೂ ನಾವು ಒಂದು ಲೋಟ ಒಡದಿಲ್ಲ.

ಕುರ್ಚಿ ಎತ್ತಾಕ ಕೈ ಸಾಲಲಿಲ್ಲ.
ಟೆಂಪೋ ಇಳಿಸಾಕ ಬಂದಿದ್ರಲ್ಲ, ರೈಸ್‌ಮಿಲ್ಲಿನ ಹಮಾಲರು,
ದುರುಗಪ್ಪ, ಯಮನೂರ, ಚಂದಾಹುಸೇನಿ, ಸಣ್ಣ ಕರಿಯ,
ಬೀಡಿ ಚೆಲ್ಲಿ ಬಂದ್ರು.
ಬೆನ್ನ ಮ್ಯಾಲ ಹೊತ್ತು ನೆಲ ನೋಡಕೋತ ನಡ್ಯಾವರು
ಅವತ್ತು ಹೊರಿ ಕಡಿ ಮಾರಿ ಎತ್ತಿ ನಡದ್ರು.
ಮದುಮಗಳು ಚೀರಿ, ಕುರ್ಚಿ ಕೈ ಹಿಡದು, ನಕ್ಕಳು.
ಆ ಕುರ್ಚ್ಯಾಗ ಹುಡುಗ. ನಡುವ ಒಂದು ಕರವಸ್ತ್ರ,
ಆ ತುದಿ ಅವಗ, ಈ ತುದಿ ಈಕಿಗೆ ಸಿಗವಲ್ದು.
"ಹತ್ರ ತರ್ರೋ!" ಅಂತ ವೀರನಗೌಡ.
"ಐಸಾ!" ಅಂತ ಹಮಾಲರು.
ಕೆಳಗ ಕೈಕೈ ಹಿಡದ ಸುತ್ತು,
ಬಲಗಾಲು ಮುಂದ ದಾಟಿ, ಎಡಗಾಲು ಪಕ್ಕಕ್ಕ,
ಬಲಗಾಲು ಹಿಂದ ದಾಟಿ, ಮತ್ತ ಎಡಗಾಲು,
ಕಲಿಯೂದರಾಗ ಜೋರಾಗತೈತಿ, ತಪ್ಪಿದ್ರ ನಗತಾರ.
ಒಬ್ಬ ನನ್ನ ಕೊಳಗ ಬೋರಲ ಹಾಕಿ ಬಡದ.
ತಗ್ಗು ಮೂರು. ಬರಕೊಂಡೆ.

"ಇದು ಹುಡುಗನ ಕಡ್ಯಾವರದು," ಅಂದ್ಲು ಮುದುಕಿ,
"ನಮ್ಮವ್ವನ ಮಂದಿಯೊಳಗ ಕುರ್ಚಿ ಇದ್ದಿಲ್ಲ.
ಮೆಹಂದಿ ಇತ್ತು, ತಲಿತುಂಬ ಮಲ್ಲಿಗಿ ದಂಡಿ,
ಮರಾಠಿ ಹಾಡು. ಕುಣಿತ ಅಂದ್ರ ಫುಗಡಿ."

ಭಾಂಡಿ ತೊಳಿಯೂ ಶಂಕ್ರಮ್ಮ ಆ ಮಾತು ಕೇಳಿ
ಬೂದಿ ಕೈ ಸೀರಿಗೆ ಒರಸಿ ಎದ್ದು ಬಂದ್ಲು.
ಕೈಗೆ ಕೈ ಕತ್ತರಿ ಹಾಕಿ, ಪಾದಕ್ಕ ಪಾದ ಹಚ್ಚಿ,
ಎಂಬತ್ತು ದಾಟಿದಾಕಿ ಹಿಂದಕ್ಕ ವಾಲಿದ್ಲು.
ಒಂದು ಸುತ್ತು. ಇನ್ನರ್ಧ.
ಅಷ್ಟs.
ಸುತ್ತಿನವರು ನಿಂತು ನೋಡಿದ್ರು, ಅದು ಅವರಿಗೆ ಬರ್ತಿದ್ದಿಲ್ಲ.

ರಾತ್ರಿ ಎಣಸಿದೆ. ಕುರ್ಚಿ ಸರಿ. ಲೋಟ ಒಂದು ಕಮ್ಮಿ.
ವಹ್ಯಾಗ ಕಾರಣ ಬರಿಯೂ ಜಾಗಾ ಸಣ್ಣದು,
ಸಾಕಷ್ಟು ಹೊತ್ತು ಪೆನ್ನು ಹಿಡದು ಕೂತೆ.
ಕಡಿಗೆ "ಹಳೇದು" ಅಂತ ಬರದೆ.

ದುರುಗಪ್ಪ ಕೂಲಿ ಎಣಸಕೋತ ಅಂದ:
"ಹುಡುಗಿ ಚೀಲಕ್ಕಿಂತ ಹಗರಿದ್ಲು ಬಿಡ್ರಿ ಸಾವ್ಕಾರ್ರ.
ಆದ್ರ ಇಷ್ಟು ವರ್ಷ ಹೊತ್ತೀನಿ,
ಒಂದು ಚೀಲರೆ ನಕ್ಕೈತೇನು?"