ಇನ್ನೂ ಆಗಿಲ್ಲ

ಯೂಮಾದಲ್ಲಿ ಜುಲೈ. ಬೆಳಗಿನ ಒಂಬತ್ತಕ್ಕೇ
ವ್ಯಾನಿನ ಸ್ಟೇರಿಂಗು ಕಾದ ಕಾವಲಿ.
ಒದ್ದೆ ಟವೆಲು ಸುತ್ತಿ ಓಡಿಸುತ್ತೇನೆ,
ಚಳಿಗಾಲದ ಲೆಟ್ಯೂಸು ಕೊಯ್ದು ಬೋಳಾದ ಹೊಲಗಳನ್ನು ದಾಟಿ,
ಕಾಲುವೆ ದಾಟಿ, ನೆಡ್ರಾ ಕ್ವಿಸ್ಟಳ ಮನೆಗೆ.

ಶರ್ಟಿನ ಮೇಲಿನ ಹೆಸರು ಓದಿಕೊಂಡಳು:
ಡೆಲ್ಫೀನಾ, ಹನ್ನೊಂದು ದಿನವಾಯಿತು,
ಒಂದು ತುಂಡು ಐಸು ಬಿದ್ದಿಲ್ಲ.
ದಿನಾ ಪೆಟ್ರೋಲ್ ಬಂಕಿನಿಂದ ಚೀಲ ತರುತ್ತೇನೆ,
ಮನೆ ಸೇರುವಾಗ ಅರ್ಧ ನೀರು.
ಇವತ್ತು ಗುರುವಾರ. ಇಸ್ಪೀಟಿಗೆ ಆರು ಜನ.
ಬಿಸಿ ಚಹಾ ಕೊಡಲೇನು ಅವರಿಗೆ?

ನೀರಿನ ಕೊಳವೆ ಸರಿ. ಕವಾಟ ಸರಿ.
ಫ್ರೀಜರಿನೊಳಗೆ ಸೊನ್ನೆಗಿಂತ ಹದಿನೆಂಟು ಕೆಳಗೆ,
ಬಟಾಣಿ ಪೊಟ್ಟಣ ಕಲ್ಲು.
ಮುಚ್ಚಳ ಕಳಚಿ, ಬಗ್ಗಿ, ಟಾರ್ಚು ಬಿಟ್ಟರೆ

ಐಸು.

ಎಂಟು ಗುಳಿಯಲ್ಲೂ ಭರ್ತಿ.
ಅಂಚು ಸವೆದು, ಬೆಳ್ಳಗೆ ಮುದಿಯಾಗಿ,
ಯಾರೂ ಹೆಸರು ಕೂಗದ ಸಾಕ್ಷಿಗಳ ಹಾಗೆ
ಹನ್ನೊಂದು ದಿನದಿಂದ ಕೂತಿವೆ.
ಬೆಣ್ಣೆ ಮನೆಯಲ್ಲಿಟ್ಟು ಈಕೆ
ತುಪ್ಪಕ್ಕೆ ಬಂಕಿಗೆ ಹೋಗಿದ್ದಾಳೆ.

ತಟ್ಟೆಯ ಹೊಟ್ಟೆಗೆ ಅಂಟಿ ಒಂದು ಮಣಿ,
ಮೆಣಸಿನ ಕಾಳಿಗಿಂತ ತುಸು ದಪ್ಪ, ಎರಡು ತಂತಿಯ ಬಾಲ.
ಮುಟ್ಟಿ ನೋಡಿ ಆಯಿತು ಅನ್ನುವುದಷ್ಟೇ ಅದರ ಕೆಲಸ.
ಆಯಿತು ಅಂದರೆ ತಟ್ಟೆ ಮಗುಚುತ್ತದೆ,
ಐಸು ಉದುರುತ್ತದೆ, ಹೊಸ ನೀರು ಬರುತ್ತದೆ.
ಇದಕ್ಕೆ ಒಂದೇ ಜಪ:
ಇನ್ನೂ ಆಗಿಲ್ಲ. ಇನ್ನೂ ಆಗಿಲ್ಲ.
ಬೋರ್ಡು ನಂಬುತ್ತದೆ.
ಪಾಪ, ಬೋರ್ಡಿಗೆ ಬೆರಳಿಲ್ಲ.

ಮೀಟರಿನ ಕಡ್ಡಿ ತಾಗಿಸಿದೆ.
ಹನ್ನೊಂದು ಸಾವಿರ ಓಮು, ಮೇಲೊಂದಿಷ್ಟು ಚಿಲ್ಲರೆ.
ಈ ಜಾತಿಯ ಮಣಿ ತಣ್ಣಗಾದಷ್ಟೂ ಹಟಮಾರಿ,
ಚಳಿ ಏರಿದ ಹಾಗೆ ಕರೆಂಟಿನ ಮುಖಕ್ಕೆ
ಬಾಗಿಲು ಒತ್ತಿ ಹಿಡಿಯಬೇಕು.
ಈ ಹೊತ್ತಿಗೆ ಎಂಬತ್ತು ಸಾವಿರ ದಾಟಬೇಕಿತ್ತು.
ಹನ್ನೊಂದು ಅಂದರೆ, ಅದರ ಲೆಕ್ಕಕ್ಕೆ,
ಬಟಾಣಿ, ಮೀನು, ಹಿಮದ ನಡುವೆ ಇದು
ಕಿಟಕಿ ತೆರೆದಿಟ್ಟ ಮಾರ್ಚ್ ತಿಂಗಳ ಸಂಜೆ.

ಒಂದೇ ಮಾತಿಗೆ ಸುಳ್ಳ ಅನ್ನಬಾರದು.
ತಂತಿ ಜಗ್ಗಿ ನೋಡಿದೆ, ಜೋಡಣೆ ಒರೆಸಿದೆ.
ಒಂದು ಲೋಟ ಕೊಡಿ ಅಂದೆ ನೆಡ್ರಾಗೆ.
ಬಂಕಿನ ಚೀಲ ಖಾಲಿ. ಹಾಗಾಗಿ
ತಟ್ಟೆಯ ಮುದಿ ಐಸನ್ನೇ ಎಬ್ಬಿಸಿ,
ಲಟ್ಟಣಿಗೆಯಲ್ಲಿ ಕುಟ್ಟಿ, ನೀರು ಬೆರೆಸಿ ಕಲಕಿ,
ಮಣಿಯನ್ನು ಇಳಿಬಿಟ್ಟೆ:
ಯಾವುದನ್ನು ಇಲ್ಲವೆಂದಿತೋ
ಅದರಲ್ಲೇ ಕುತ್ತಿಗೆವರೆಗೆ.

ಮೂವತ್ತೆರಡು ಸಾವಿರ ಬರಬೇಕು.
ಐದು ನಿಮಿಷ ಇಬ್ಬರೂ ನಿಂತು ಕಾದೆವು,
ಹೆರಿಗೆ ಕೋಣೆಯ ಹೊರಗಿನವರ ಹಾಗೆ.
ಹನ್ನೊಂದು ಸಾವಿರದ ಇನ್ನೂರು.

ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದರೆ
ಕವಚದಲ್ಲಿ ಕೂದಲೆಳೆಯ ಬಿರುಕು.
ಎಂದೋ ತೇವ ಇಳಿದಿದೆ.
ಬೇಕೆಂದೇ ಹೇಳಿದ ಸುಳ್ಳಲ್ಲ.

ಅಷ್ಟೂ ಹೊತ್ತು ಲೋಟ ಹಿಡಿದದ್ದು ನನ್ನ ಎಡಗೈ.
ಅದರ ಎರಡು ಬೆರಳು ಆರು ವರ್ಷದ ಹಿಂದೆ
ಸೋರಿದ ಗ್ಯಾಸಿಗೆ ಸಿಕ್ಕಿ ಸುಣ್ಣದ ಬಣ್ಣವಾದವು.
ಚರ್ಮ ಮರಳಿತು. ಚಳಿ ಮರಳಲಿಲ್ಲ.
ವರ್ಷಕ್ಕೊಮ್ಮೆ ಡಾಕ್ಟರು ತಣ್ಣನೆ ಚಮಚ ಒತ್ತಿ
ಗೊತ್ತಾಯಿತಾ ಅನ್ನುತ್ತಾನೆ.
ಕಣ್ಣು ಮುಚ್ಚಿಕೊಂಡೇ ಹೂಂ ಅನ್ನುತ್ತೇನೆ.
ಕೆಲಸ ಬೇಕಲ್ಲ.
ಪುಣ್ಯಕ್ಕೆ ಅವನ ಹತ್ತಿರ ಮೀಟರಿಲ್ಲ.

ಹೊಸ ಮಣಿ ಕೂರಿಸಿದೆ. ನೀರು ಬಿಟ್ಟೆ.
ಕಾಯುವುದು ನನ್ನ ರೂಢಿಯಲ್ಲ,
ಆದರೆ ಇಸ್ಪೀಟಿನವರು ಬಂದರು, ಒಬ್ಬಳು ಬಂದಿರಲಿಲ್ಲ,
ಆರನೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು.
ಎರಡು ಆಟ ಸೋತೆ. ಮೂರನೆಯದರ ನಡುವೆ
ಅಡುಗೆಮನೆಯಿಂದ ಕಟಕಟ, ಆಮೇಲೆ ದಬದಬ.
ಆರು ತಲೆ ಒಟ್ಟಿಗೆ ತಿರುಗಿದವು.

ಮೊದಲ ಬಾರಿ ಬಿದ್ದದ್ದನ್ನು ಚೆಲ್ಲಬೇಕೆಂದು ನಿಯಮ.
ನಾನು ಹೇಳಲಿಲ್ಲ.
ನೆಡ್ರಾ ಲೋಟ ಚಾಚಿದಳು.
ಎಡಗೈ ಹಿಡಿಯಿತು, ಏನೂ ಅನ್ನಲಿಲ್ಲ.
ಇಸ್ಪೀಟೆಲೆ ಕೆಳಗಿಟ್ಟು
ಬಲಗೈಗೆ ದಾಟಿಸಿದೆ.