ಷರಾ

ನನ್ನ ಕೆಲಸ ಕೂಗುವುದಲ್ಲ.
ಪ್ಲಾಸ್ಟಿಕ್ ಕುರ್ಚಿಯ ಕುಂಟುಕಾಲಿಗೆ ಕಲ್ಲು ಕೊಟ್ಟು
ಗೆರೆ ಹಾಕಿದ ಹಾಳೆಯಲ್ಲಿ ಬರೆಯುವುದು:
ನಿಮಿಷ, ತೀರ್ಪು, ಸರಿಯೋ ತಪ್ಪೋ,
ಕೊನೆಗೊಂದು ಕಿರಿದಾದ ಕಾಲಂ, ಷರಾ.

ಹದಿನಾಲ್ಕು, ಆಫ್‌ಸೈಡ್. ಸರಿ.
ಮೂವತ್ತೆರಡು, ಹ್ಯಾಂಡ್‌ಬಾಲ್ ಕೊಡಲಿಲ್ಲ. ತಪ್ಪು.
ಚೆಂಡು ಮೊಣಕೈಗೆ ಬಡಿದ ಸದ್ದು
ನನ್ನ ಕುರ್ಚಿಗೇ ಕೇಳಿತ್ತು.
ಐವತ್ತು, ಹಳದಿ ಕಾರ್ಡು. ಸರಿ, ಆದರೆ ತಡ.

ರೆಫರಿ ಬೆಳ್ಯಪ್ಪ ವಾರಕ್ಕೆ ಆರು ದಿನ
ಸಿದ್ದಾಪುರ ವಿರಾಜಪೇಟೆ ಬಸ್ಸಿನ ಕಂಡಕ್ಟರ್.
ಸೀಟಿ ಅದೇ. ಅಲ್ಲಿ ಒಂದು ಊದಿದರೆ ನಿಲ್ಲುತ್ತದೆ,
ಎರಡು ಊದಿದರೆ ಹೊರಡುತ್ತದೆ,
ಯಾಕೆಂದು ಯಾರೂ ಕೇಳುವುದಿಲ್ಲ.
ಇಲ್ಲಿ ಒಂದು ಊದಿದರೆ ಸಾಕು,
ಇಪ್ಪತ್ತೆರಡು ಮಂದಿ ಚಿಲ್ಲರೆ ಕೇಳುತ್ತಾರೆ.

ಎಪ್ಪತ್ತೊಂದು.
ಕರಡಿಗೋಡಿನ ನೌಫಲ್ ಬಲಗಡೆಯಿಂದ ನುಗ್ಗಿದ,
ಎಸ್ಟೇಟು ತಂಡದ ತಂಗರಾಜು ಕಾಲು ಚಾಚಿದ,
ನೌಫಲ್ ಮುಗ್ಗರಿಸಿದ, ಬಾಯಿ ತುಂಬ ಮಣ್ಣು.
ಸೀಟಿ. ಬೆರಳು ಸುಣ್ಣದ ಚುಕ್ಕೆಯ ಕಡೆಗೆ.
ಪೆನಾಲ್ಟಿ, ಗೋಲು,
ಪಂದ್ಯ ಅಲ್ಲಿಗೆ ಮುಗಿದ ಹಾಗೆ.

"ಮುಟ್ಟಲೇ ಇಲ್ಲ ಸಾರ್" ಎಂದ ತಂಗರಾಜು,
ಅಳುವವನ ಹಾಗಲ್ಲ, ಲೆಕ್ಕ ಒಪ್ಪಿಸುವವನ ಹಾಗೆ.
"ಮುಟ್ಟಿದ" ಎಂದ ನೌಫಲ್,
ಆದರೆ ಅವನು ನೋಡಿದ್ದು ನೆಲವನ್ನು.

ಆ ನೋಟದ ಜಾಡು ಹಿಡಿದು
ಜನ ಕರಗಿದ ಮೇಲೆ ಎದ್ದು ಹೋದೆ.
ಗುರುವಾರ ರಾತ್ರಿ ಮೂರು ಆನೆ
ಈ ಮೈದಾನ ದಾಟಿ ಹೊಳೆಗೆ ಇಳಿದಿದ್ದವು.
ಹೂಮಳೆ ಬಿದ್ದ ನೆಲ, ಹೆಜ್ಜೆ ಆಳಕ್ಕೆ ಕೂತಿತ್ತು.
ಶುಕ್ರವಾರ ಲೈನ್‌ಮನೆ ಹುಡುಗರು ಬುಟ್ಟಿಯಲ್ಲಿ ಮಣ್ಣು ಹೊತ್ತು
ತುಂಬಿ, ತುಳಿದು, ಎಣಿಸಿಯೂ ಇದ್ದರು:
ನಲವತ್ತಾರು.
ಪೆನಾಲ್ಟಿ ಬಾಕ್ಸಿನೊಳಗೆ
ಹುಲ್ಲು ಹೊದ್ದು ಮಲಗಿತ್ತು ನಲವತ್ತೇಳನೆಯದು.

ಮಂಡಿಯೂರಿ ಕೈ ಇಳಿಸಿದೆ.
ಗೇಣಿಗೆ ಎರಡು ಬೆರಳು ಕಡಿಮೆ.
ಅಂಚಿನಲ್ಲಿ ಮಣ್ಣು ಹೊಸದಾಗಿ ಕಿತ್ತಿತ್ತು.
ಬೂಟೇ? ಇರಬಹುದು.
ಆನೆಗೂ ಉಗುರಿದೆ.

ಕೋಳಿ ಅಂಗಡಿಯ ಅಜೀಜ್ ಮೊಬೈಲಿನಲ್ಲಿ ಹಿಡಿದಿದ್ದ.
ಟಾರ್ಪಾಲಿನ ಕೆಳಗೆ ಇಪ್ಪತ್ತು ಸಲ ನೋಡಿದೆವು.
ಕಾಲಿಗೂ ಕಾಲಿಗೂ ನಡುವೆ ಒಂದು ಬೆಳಕಿನ ಎಳೆ,
ಒಮ್ಮೆ ಇದೆ, ಒಮ್ಮೆ ಇಲ್ಲ,
ಬೇಕಾದ ಗಳಿಗೆಗೆ ಸರಿಯಾಗಿ ಯಾರದೋ ಕೊಡೆ.
ಕರಡಿಗೋಡಿನವರಿಗೆ ಕಾಲು ತಗುಲಿದ್ದು ಕಂಡಿತು,
ಎಸ್ಟೇಟಿನವರಿಗೆ ಬೆಳಕು.
ಅಜೀಜನಿಗೆ ಬ್ಯಾಟರಿ ಮುಗಿಯುತ್ತಿರುವುದು.

ನಾನೂ ಊದಿದ್ದೇನೆ ಹನ್ನೊಂದು ವರ್ಷ.
ಪಾಲಿಬೆಟ್ಟದಲ್ಲಿ ಒಮ್ಮೆ ಲಾರೆನ್ಸನ ಗೋಲು ಅಳಿಸಿದೆ.
ಅವನಿಗೀಗ ಪಂಕ್ಚರ್ ಅಂಗಡಿ.
ನನ್ನ ಸ್ಕೂಟರಿಗೆ ಗಾಳಿ ತುಂಬುತ್ತಾನೆ,
ಮಳೆ, ಮೆಣಸಿನ ರೇಟು, ಮಗಳ ಬಾಣಂತನ
ಎಲ್ಲ ಮಾತಾಡುತ್ತಾನೆ, ಅದೊಂದು ಬಿಟ್ಟು.
ನಾನು ಗಾಳಿಯ ಮುಳ್ಳನ್ನೇ ನೋಡುತ್ತ ನಿಲ್ಲುತ್ತೇನೆ.

ಕತ್ತಲಾಗುವ ಹೊತ್ತಿಗೆ ಬೆಳ್ಯಪ್ಪ ಬಂದ,
ಸೀಟಿಯ ದಾರ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.
"ಏನು ಬರೆದಿರಿ?"
ಹಾಳೆ ಮಡಚಿ ಜೇಬಿಗಿಟ್ಟೆ.

ಸರಿ ಮತ್ತು ತಪ್ಪಿನ ನಡುವೆ ಅಚ್ಚಿನವನು
ಬರೀ ಒಂದು ಗೀಟು ಬಿಟ್ಟಿದ್ದ.
ಮನೆಯಲ್ಲಿ ಎರಡನ್ನೂ ಖಾಲಿ ಬಿಟ್ಟು
ಷರಾದಲ್ಲಿ ಬರೆದೆ:
ರೆಫರಿ ಹತ್ತು ಗಜದಲ್ಲಿ ಇದ್ದರು, ನಿಂತ ಜಾಗ ಒಳ್ಳೆಯದು.
ನೆಲದಲ್ಲಿ ಒಂದು ಹೆಜ್ಜೆ ಇತ್ತು.
ಅದು ಯಾವ ತಂಡದ್ದೂ
ಕಾಲಂ ಮುಗಿಯಿತು. ಹಿಂಬದಿಗೆ ಹೋಗಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಏಳೂಕಾಲರ ಬಸ್ಸು.
ಮೈದಾನದ ತಿರುವಿನಲ್ಲಿ ಯಾರೋ ಇಳಿದರು.
ಕಿಟಕಿಯಾಚೆ ತಂಗರಾಜು, ಒಬ್ಬನೇ,
ತಲೆಯ ಮೇಲೆ ಬುಟ್ಟಿ,
ಬಾಕ್ಸಿನೊಳಗೆ ಮಣ್ಣು ಸುರಿದು ತುಳಿಯುತ್ತಿದ್ದ.
ಬೆಳ್ಯಪ್ಪನೂ ನೋಡಿದ.
ತುಸು ಹೊತ್ತು ಊದಲಿಲ್ಲ.
ಆಮೇಲೆ ಎರಡು ಊದಿದ.
ನನ್ನ ಚಿಲ್ಲರೆ ಕೊಡುವುದು ಮರೆತ.
ನಾನೂ ಕೇಳಲಿಲ್ಲ.