ಬಿಚ್ಚುವ ನಕಾಶೆ

ಬಾಗಲಕೋಟೆ ನವನಗರದ ಕೊನೆಯ ಸೆಕ್ಟರಿನಲ್ಲಿ,
ನೀರಿನ ಟಾಕಿ ದಾಟಿದ ಮೇಲೆ,
ನೇಕಾರರ ಪತ್ತಿನ ಸಂಘಕ್ಕೆ ಒಂದು ಆಫೀಸು ಬೇಕಿತ್ತು.
ಠರಾವಿನಲ್ಲಿ ಬರೆದದ್ದು: ಅಗ್ಗವಾಗಿರಬೇಕು,
ಬೇಸಿಗೆಗೆ ತಣ್ಣಗಿರಬೇಕು, ದೊಡ್ಡದಾಗಿ ಕಾಣಬೇಕು.
ಮೂರನೆಯದು ನನ್ನಿಂದಾಗದು ಎಂದೆ.
ಉಳಿದೆರಡಕ್ಕೆ ಹೊಸ ಸಾಮಾನು ಬೇಡ ಎಂದೆ.

ಹಳೆಯದನ್ನು ಹುಡುಕಲು ಕರೆದೊಯ್ದವನು ಲಾಲಸಾಬ ಗೌಂಡಿ.
ಹಿನ್ನೀರು ಬರುವ ಮೊದಲು ಹಳೇ ಊರಿನ ಮನೆಗಳನ್ನು
ಮಾಳಿಗೆಯಿಂದ ಹೊಸ್ತಿಲವರೆಗೆ ಬಿಚ್ಚಿದ ಕೈ.
ಕಟ್ಟಿದ್ದು ಹದಿನೆಂಟು, ಇಳಿಸಿದ್ದು ನೂರಾ ನಾಲ್ಕು.
"ಕೆಡವೂದು ಬ್ಯಾರೆ ಮೇಡಂರ, ಇಳಸೂದು ಬ್ಯಾರೆ.
ಕೆಡವಾಕ ಜೆಸಿಬಿ ಸಾಕು.
ಇಳಸಾಕ, ಕಟ್ಟಿದಾವನ ಮನಸು ತಿಳದಿರಬೇಕು."

ಮುಚಖಂಡಿ ದಾರಿಯ ಗುಜರಿಯಲ್ಲಿ
ಸಾಗವಾನಿ ತೊಲೆ ಹನ್ನೊಂದು, ಕಿಟಕಿಯ ಚೌಕಟ್ಟು ಏಳು.
ಬೆನ್ನ ಮೇಲೆ ಡಾಂಬರಿನ ಗುರುತು:
ಪೂ ೩, ಪೂ ೪, ದ ೨.
ಮತ್ತೆ ಜೋಡಿಸುತ್ತೇವೆ ಅಂದುಕೊಂಡೇ ಬರೆದದ್ದು.
ಯಾರ ಮನೆಯ ಪೂರ್ವ, ಯಾವ ಓಣಿಯ ದಕ್ಷಿಣ,
ಈಗ ಮೀನಿಗೆ ಗೊತ್ತು.

ಇಳಕಲ್ಲಿನ ಕ್ವಾರಿಯವರು ಒಲ್ಲೆನೆಂದ ಕೆಂಪು ಚೂರು ತಂದೆವು.
ಬಿದ್ದ ಶಾಲೆಯ ಗೋಡೆ ಒಡೆದು ಜಲ್ಲಿ ಮಾಡಿದೆವು,
ಕೆಲವು ತುಣುಕಿಗೆ ಕರಿಹಲಗೆಯ ಬಣ್ಣ ಅಂಟೇ ಇತ್ತು.
ಸೊಟ್ಟ ಸರಳು ಸೊಟ್ಟಗೇ ಕಿಟಕಿಗೆ ಕೂತವು.
ಶಹಾಬಾದಿ ಫರಸಿ ಮೇಲೆ ಪೂರಾ ಸವೆದಿತ್ತು,
ಮಗುಚಿ ಹಾಕಿದೆವು. ಹೊಟ್ಟೆ ಇನ್ನೂ ಹೊಸದು.

ಇಲ್ಲಿ ಹೊರುವುದು ಕಂಬ. ಗೋಡೆ ಬರೀ ನಿಂತಿದೆ.
ಹತ್ತು ಬೋಲ್ಟು ತಿರುವಿದರೆ ಸಾಲದ ವಿಭಾಗವೇ ಸಭೆಯ ಕೋಣೆ,
ಸಭೆ ಮುಗಿದರೆ ನೂಲಿನ ಗೋದಾಮು.
ಮೊಳೆ ಎಲ್ಲೂ ಇಲ್ಲ.
ಮೊಳೆ ತಿಂದ ಕಟ್ಟಿಗೆ ಎರಡನೇ ಸಲ ದುಡಿಯೂದಿಲ್ಲ
ಎಂಬುದು ಲಾಲಸಾಬನ ಶಾಸ್ತ್ರ.

ಒಂದು ತೊಲೆಯಲ್ಲಿ ತೊಟ್ಟಿಲ ಕೊಂಡಿ ಉಳಿದಿತ್ತು.
ಎಲೆಕ್ಟ್ರಿಷನ್ ಅದಕ್ಕೇ ಫ್ಯಾನು ತೂಗಿಬಿಟ್ಟ.
ತಿರುಗಿದಾಗಲೆಲ್ಲ ಕಿರ್ರೆನ್ನುತ್ತದೆ.
ಎಣ್ಣೆ ಬಿಡಬೇಡಿ ಅಂದವಳು ಕಸ ಹೊಡೆಯುವ ಶಂಕ್ರವ್ವ.
ಯಾಕೆಂದು ಹೇಳಲಿಲ್ಲ.

ನಕಾಶೆಯ ಕೊನೆಯ ಹಾಳೆ ನೋಡಿ
ಚೇರ್ಮನ್ ಪವಾಡೆಪ್ಪನವರ ಮುಖ ಬಾಡಿತು.
ಮೊದಲು ಯಾವ ಬೋಲ್ಟು, ಆಮೇಲೆ ಯಾವುದು,
ತೊಲೆ ಹಿಡಿಯಲು ಎಷ್ಟು ಜನ:
ಇದೇ ಕಟ್ಟಡವನ್ನು ಇಳಿಸುವ ಕ್ರಮ.
"ವಾಸ್ತುಶಾಂತಿಗಿಂತ ಮೊದಲ ಇದೇನ್ ಅಪಶಕುನ?"
ನನ್ನಲ್ಲಿ ಉತ್ತರವಿತ್ತು, ಉದ್ದದ್ದು, ಅಂಕಿಸಂಖ್ಯೆ ಸಮೇತ.
ಲಾಲಸಾಬ ತಂಬಾಕು ತಿಕ್ಕುತ್ತ ಕೇಳಿದ:
"ಯಜಮಾನ್ರ, ನಿಮ್ಮ ಮಗ್ಗ ಹಳೇ ಊರಿಂದ ಹ್ಯಾಂಗ ಬಂತು?
ಒಡದ ತಂದ್ರೋ, ಬಿಚ್ಚಿ ತಂದ್ರೋ?"
ಅವರು ಬಹಳ ಹೊತ್ತು ಕೂತಿದ್ದರು.
ಹಾಳೆ ತಿಜೋರಿಗೆ ಹೋಯಿತು,
ಒತ್ತೆಯ ಬಂಗಾರದ ಪಕ್ಕಕ್ಕೆ.

ತಪ್ಪು ನನ್ನದೂ ಇತ್ತು. ಪಡುವಣ ಕಿಟಕಿ ದೊಡ್ಡದಾಯಿತು.
ಏಪ್ರಿಲ್‌ನಲ್ಲಿ ಕ್ಯಾಶಿಯರ್ ಒಳಗೇ ಕೊಡೆ ಬಿಚ್ಚಿ ಕೂತನಂತೆ.
ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ
ಹಾಳೆ ತೆಗೆದು, ಓದಿ, ಅವರೇ ಬಿಚ್ಚಿದ್ದರು,
ಅವರೇ ಬಡಗಣಕ್ಕೆ ಕೂರಿಸಿದ್ದರು.
ನಕಾಶೆಯ ಮೇಲೆ ಚಹಾದ ಕಪ್ಪಿನ ದುಂಡು ಕಲೆ.
ನನಗೆ ಸಿಟ್ಟು ಬರಬೇಕಿತ್ತು.

ಚೌಕಟ್ಟಿನ ಅಂಚಿನಲ್ಲಿ, ಹಳೆಯ ದ ೨ರ ಕೆಳಗೆ,
ಮುಟ್ಟಿದರೆ ಬೆರಳಿಗೆ ಹತ್ತುವಷ್ಟು ಹಸಿ ಡಾಂಬರಿನಲ್ಲಿ
ಯಾರೋ ಬರೆದಿದ್ದರು:
ಉ ೧.